ಕಿರಿಯ ಎಂಜಿನ್ನೂ ಶಾಸನದ ಅಳತೆಗೋಲೂ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರದ ದಿನದಿಂದ ಕಥೆಯನ್ನು ಆರಂಭಿಸಿ, ಅದು ಕಾಲಕ್ರಮದಲ್ಲಿ ಸುಧಾರಿಸುತ್ತ ಬಂದು ಕೊನೆಗೆ ಜನಸಾಮಾನ್ಯರ ಕೈಸೇರಿತೆಂದು ಮುಗಿಸುವುದು ವಾಡಿಕೆ. ಹೀಗೆ ಬರೆದಾಗ ಕಾಲವೇ ಎಲ್ಲಕ್ಕೂ ಕಾರಣವೆಂಬ ಭಾವನೆ ಓದುವವರಲ್ಲಿ ಉಂಟಾಗುತ್ತದೆ. ಕೆಲವು ಯಂತ್ರಗಳ ವಿಷಯದಲ್ಲಿ ಈ ಕ್ರಮವು ಏನನ್ನೂ ವಿವರಿಸಲಾರದು. ಮೋಟಾರು ಕಾರಿನ ಟರ್ಬೊ ಅಂಥವುಗಳಲ್ಲೊಂದು. ಅದರ ಮೂಲತತ್ತ್ವಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು ೧೯೦೫ರಲ್ಲಿಯೇ ಪೇಟೆಂಟು ಪಡೆದನು. ಆದರೆ ಸಾಧಾರಣ ಸಂಸಾರಸ್ಥನು ಕೊಳ್ಳುವ ಪೆಟ್ರೋಲ್ ಕಾರಿನಲ್ಲಿ ಅದು ಮಾಮೂಲಿ ಸಾಮಗ್ರಿಯಾಗತೊಡಗಿದ್ದು ೨೦೦೫ರಿಂದ ಈಚೆಗೆ. ನಡುವೆ ಪೂರ್ತಿ ನೂರು ವರ್ಷಗಳು ಉರುಳಿದವು.

ಪ್ರಕೃತ ಪ್ರಬಂಧದಲ್ಲಿ ನಾವು ಈ ದೀರ್ಘವಾದ ಅಂತರವನ್ನೂ, ಅದರ ಅನಂತರ ಕೇವಲ ಹತ್ತು ಹನ್ನೆರಡು ವರ್ಷಗಳಲ್ಲಿ ನಡೆದುಹೋದ ಪಲ್ಲಟವನ್ನೂ ವಿಚಾರಮಾಡಬೇಕೆಂದಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಲೋಹವಿಜ್ಞಾನವೂ ವಿದ್ಯುನ್ಮಾನ ನಿಯಂತ್ರಣವೂ ಈ ಪಲ್ಲಟವನ್ನು ಸಾಧ್ಯಮಾಡಿದವೆಂಬುದು ನಿಜ. ಅದನ್ನು ಅನಿವಾರ್ಯ ಮಾಡಿದುದು ಶಾಸನ, ಮತ್ತು ಶಾಸನವು ಕೈಯಲ್ಲಿ ಹಿಡಿದಿದ್ದ ಅಳತೆಗೋಲು. ಹೊಸ ಎಂಜಿನ್ನು ರಸ್ತೆಗಿಂತ ಹೆಚ್ಚಾಗಿ ಆ ಅಳತೆಗೋಲಿಗೆ ಒಗ್ಗುವಂತೆ ರೂಪುಗೊಂಡಿತು. ಅದರ ಗುಣಗಳೂ ದೋಷಗಳೂ ಬಹುಮಟ್ಟಿಗೆ ಅಲ್ಲಿಂದಲೇ ಬಂದವು.

ಮೊದಲು ಯಂತ್ರದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಎಂಜಿನ್ನಿನ ಸಿಲಿಂಡರಿನಲ್ಲಿ ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗವು ಬಿಸಿ ಅನಿಲದೊಡನೆ ಹೊಗೆಕೊಳವೆಯ ಮೂಲಕ ಹೊರಗೆ ಹೋಗಿ ವ್ಯರ್ಥವಾಗುತ್ತದೆ. ಆ ಅನಿಲದ ದಾರಿಯಲ್ಲಿ ಒಂದು ಟರ್ಬೈನ್ ಚಕ್ರವನ್ನಿಟ್ಟು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ, ಅಷ್ಟೇ ಗಾತ್ರದ ಸಿಲಿಂಡರಿನಲ್ಲಿ ಹೆಚ್ಚು ಗಾಳಿ ಹಿಡಿಸುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. ಬ್ಯೂಖಿಯ ಕಲ್ಪನೆಯ ಸಾರ ಇಷ್ಟೆ. ಇದು ಮೊದಲು ಫಲಿಸಿದ್ದು ಹಡಗುಗಳಲ್ಲಿ. ೧೯೨೦ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳ ಶಕ್ತಿಯನ್ನು ಈ ಸಾಧನವು ೧,೭೫೦ ಅಶ್ವಶಕ್ತಿಯಿಂದ ೨,೫೦೦ಕ್ಕೆ ಏರಿಸಿತು.

ವಿಮಾನಗಳಲ್ಲಿ ಇದರ ಪ್ರಯೋಜನವು ಬೇರೊಂದು ಬಗೆಯದು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗುವುದರಿಂದ ಎಂಜಿನ್ನು ಏದುಸಿರು ಬಿಡತೊಡಗುತ್ತದೆ. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಕೊಲರಾಡೊ ಪ್ರಾಂತದ ಪೈಕ್ಸ್ ಪೀಕ್ ಎಂಬ, ೧೪,೦೦೦ ಅಡಿಗೂ ಮಿಕ್ಕ ಎತ್ತರದ ಶಿಖರಕ್ಕೆ ಒಯ್ದು ಪರೀಕ್ಷಿಸಿದನು. ಸಮುದ್ರಮಟ್ಟದಲ್ಲಿ ಸುಮಾರು ೩೫೦ ಅಶ್ವಶಕ್ತಿಯ ಆ ಎಂಜಿನ್ನು ಶಿಖರದಲ್ಲಿ ೨೩೦ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದೊಡನೆ ಕಳೆದುಕೊಂಡ ಶಕ್ತಿ ಮರಳಿತು. ಎರಡನೆಯ ಮಹಾಯುದ್ಧದ ಅಮೆರಿಕನ್ ಬಾಂಬರುಗಳಲ್ಲಿ ಹಲವು ಇದರ ಬಲದಿಂದಲೇ ಎತ್ತರದಲ್ಲಿ ಹಾರಿದವು.

ಹಾಗಾದರೆ ಕಾರಿಗೆ ಏಕೆ ಬರಲಿಲ್ಲ? ತಾಂತ್ರಿಕವಾದ ಉತ್ತರ ಒಂದಿದೆ. ಡೀಸೆಲ್ ಎಂಜಿನ್ನಿಗೆ ಎಷ್ಟು ಗಾಳಿ ತುಂಬಿದರೂ ಹಿತವೇ. ಪೆಟ್ರೋಲ್ ಎಂಜಿನ್ನಿಗೆ ಹಾಗಲ್ಲ. ಅಲ್ಲಿ ಗಾಳಿಯೂ ಪೆಟ್ರೋಲೂ ಮೊದಲೇ ಬೆರೆತಿರುವುದರಿಂದ ಒತ್ತಡ ಮಿತಿಮೀರಿದಾಗ ಕಿಡಿ ಹತ್ತಿಸಿದ ಜ್ವಾಲೆ ತಲಪುವುದಕ್ಕೆ ಮುಂಚೆಯೇ ಉಳಿದ ಮಿಶ್ರಣ ತಾನಾಗಿ ಸಿಡಿದು, ಮೆಕ್ಯಾನಿಕರು 'ನಾಕಿಂಗ್' ಎಂದು ಕರೆಯುವ ಲೋಹದ ಬಡಿತ ಕೇಳುತ್ತದೆ. ಅದು ಮುಂದುವರಿದರೆ ಪಿಸ್ಟನ್ನೇ ತೂತಾದೀತು. ಇದನ್ನು ತಪ್ಪಿಸಬೇಕಾದರೆ ಸಂಪೀಡನದ ಪ್ರಮಾಣವನ್ನು ತಗ್ಗಿಸಬೇಕು. ತಗ್ಗಿಸಿದರೆ ಟರ್ಬೊ ಕೆಲಸಮಾಡದ ನಿಧಾನ ಓಟದಲ್ಲಿ ಎಂಜಿನ್ನು ನಿಶ್ಶಕ್ತವಾಗಿ ಇಂಧನವನ್ನು ಹೆಚ್ಚು ಕುಡಿಯುತ್ತದೆ. ಕಾಲು ಒತ್ತಿದ ಮೇಲೆ ಟರ್ಬೈನು ವೇಗ ಪಡೆಯುವವರೆಗೆ ಕಾಯಬೇಕಾದ ವಿಳಂಬ ಬೇರೆ. ಹಡಗಿನವನಿಗೂ ವಿಮಾನದವನಿಗೂ ಈ ವಿಳಂಬ ಅಷ್ಟಾಗಿ ಬಾಧಕವಲ್ಲ. ಪೇಟೆಯ ಬೀದಿಯಲ್ಲಿ ನಿಮಿಷಕ್ಕೊಮ್ಮೆ ನಿಂತು ಹೊರಡುವವನಿಗೆ ಅದು ದಿನನಿತ್ಯದ ಪೀಡೆ.

ಈ ತೊಡಕಿಗೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು ೧೯೬೨ರಲ್ಲಿ ಹುಡುಕಿದ ಪರಿಹಾರವು ಸ್ವಾರಸ್ಯವಾದುದು. ಆ ವರ್ಷ ಅವರು ಎರಡು ಟರ್ಬೊ ಕಾರುಗಳನ್ನು ಮಾರಾಟಕ್ಕೆ ತಂದರು: ಶೆವರ್ಲೆ ಕೊರ್ವೇರ್ ಒಂದು, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಇನ್ನೊಂದು. ಜೆಟ್‌ಫೈರ್ ಕಾರಿನ ಮೂರೂವರೆ ಲೀಟರ್ ಗಾತ್ರದ ಎಂಜಿನ್ನಿನಲ್ಲಿ ಸಂಪೀಡನದ ಪ್ರಮಾಣವನ್ನು ತಗ್ಗಿಸದೆ, ನಾಕಿಂಗ್ ಆಗದಂತೆ ಶುದ್ಧೀಕರಿಸಿದ ನೀರೂ ಮೆಥನಾಲೂ ಬೆರೆಸಿದ ಒಂದು ದ್ರವವನ್ನು ಒಳಗೆ ಚಿಮುಕಿಸುವ ಏರ್ಪಾಡು ಮಾಡಿದ್ದರು. ದ್ರವಕ್ಕೆ ಪ್ರತ್ಯೇಕವಾದ ಒಂದು ತೊಟ್ಟಿ ಇತ್ತು; ಅದು ಬರಿದಾದರೆ ಕಾರು ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತಿತ್ತು. ಎಂಜಿನಿಯರನ ದೃಷ್ಟಿಯಿಂದ ಇದು ಜಾಣತನವೇ ಸರಿ. ಆದರೆ ಕೊಂಡವರು ಪೆಟ್ರೋಲು ತುಂಬಿಸಿದಂತೆ ಈ ದ್ರವವನ್ನೂ ತುಂಬಿಸಬೇಕೆಂಬುದನ್ನು ಮರೆತರು, ಕೆಲವರಿಗೆ ತಿಳಿದೇ ಇರಲಿಲ್ಲ. ಎರಡು ವರ್ಷಗಳಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಕಾರುಗಳು ತಯಾರಾದವು; ಅನಂತರ ಕಂಪೆನಿಯೇ ಟರ್ಬೊವನ್ನು ಕಿತ್ತು ಸಾಧಾರಣ ಕಾರ್ಬುರೇಟರನ್ನು ಜೋಡಿಸಿಕೊಡಲು ಮುಂದೆಬಂದಿತು. ಬಳಸುವವನ ಅಭ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಇದೇ ಪ್ರಮಾದವು ಬೇರೆ ವೇಷದಲ್ಲಿ ಅರ್ಧ ಶತಮಾನದ ಮೇಲೆ ಮರಳಿ ಬಂದುದನ್ನು ಮುಂದೆ ನೋಡಲಿದ್ದೇವೆ.

೧೯೭೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆಯವರು ತಮ್ಮ '೨೦೦೨ ಟರ್ಬೊ' ಕಾರನ್ನು ತೋರಿಸಿದರು. ಮುಂದೆ ಹೋಗುತ್ತಿರುವವನು ತನ್ನ ಕನ್ನಡಿಯಲ್ಲಿ ಓದಿ ದಾರಿ ಬಿಡಲೆಂದು 'ಟರ್ಬೊ' ಎಂಬ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಸಿದ್ದರು! ಮರು ತಿಂಗಳೇ ಅರಬ್ ರಾಷ್ಟ್ರಗಳ ತೈಲನಿರ್ಬಂಧ ಆರಂಭವಾಯಿತು. ಅಂಥ ಹೊತ್ತಿನಲ್ಲಿ ಈ ಠೀವಿಯನ್ನು ಮೆಚ್ಚುವವರು ಯಾರು? ೧,೬೭೨ ಕಾರುಗಳಿಗೆ ತಯಾರಿಕೆ ನಿಂತಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಟರ್ಬೊ ಎಂದರೆ ಇಂಧನವನ್ನು ದುಂದುಮಾಡುವ ಸಾಧನವೆಂದೇ ಆ ಕಾಲದ ಜನ ತಿಳಿದಿದ್ದರು. ಕೇವಲ ನಲವತ್ತು ವರ್ಷಗಳ ಅನಂತರ ಅದೇ ಸಾಧನವು ಮಿತವ್ಯಯದ ಚಿಹ್ನೆಯಾಗಿ ಮಾರಾಟವಾಯಿತು.

ಈ ಎರಡು ಭಾವನೆಗಳ ನಡುವಣ ಸೇತುವೆ ಸ್ವೀಡನ್ನಿನ ಸಾಬ್ ಸಂಸ್ಥೆ. ಅದು ಸಣ್ಣ ಕಂಪೆನಿ; ಆರು ಎಂಟು ಸಿಲಿಂಡರುಗಳ ಹೊಸ ಎಂಜಿನ್ನನ್ನು ನಿರ್ಮಿಸುವಷ್ಟು ಬಂಡವಾಳ ಅದಕ್ಕಿರಲಿಲ್ಲ. ಇದ್ದುದು ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು ಒಂದೇ. ೧೯೭೭ರಲ್ಲಿ ಪ್ರದರ್ಶಿತವಾದ ಅವರ '೯೯ ಟರ್ಬೊ' ಕಾರಿನಲ್ಲಿ ಟರ್ಬೊವನ್ನು ಅತಿ ವೇಗಕ್ಕೆ ಹೊಂದಿಸದೆ, ಮಧ್ಯಮ ಓಟದಲ್ಲಿಯೇ ಬಲ ದೊರೆಯುವಂತೆ ಹೊಂದಿಸಿ, ಮಿಕ್ಕ ಒತ್ತಡವನ್ನು ಒಂದು ಕವಾಟದಿಂದ ಹೊರಬಿಟ್ಟರು. ಮುಂದೆ ೧೯೮೦ರ ದಶಕದಲ್ಲಿ, ನಾಕಿಂಗ್ ಶಬ್ದವನ್ನು ಆಲಿಸಿ ಒತ್ತಡವನ್ನು ತಾನಾಗಿ ತಗ್ಗಿಸುವ ವಿದ್ಯುತ್ ಸಾಧನವನ್ನು ಸೇರಿಸಿದರು. ಜೆಟ್‌ಫೈರ್ ಕಾರಿನವರು ಮಾಲೀಕನ ನೆನಪಿಗೆ ಒಪ್ಪಿಸಿದ್ದ ಎಚ್ಚರವನ್ನು ಇವರು ಯಂತ್ರಕ್ಕೇ ಒಪ್ಪಿಸಿದರು. 'ದೊಡ್ಡ ಎಂಜಿನ್ನಿಗೆ ಬದಲು ಚಿಕ್ಕದು' ಎಂಬ ವಿಚಾರವು ಸಾಮಾನ್ಯ ಕಾರಿನಲ್ಲಿ ಮೊದಲು ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಹೀಗಿದ್ದರೂ ಉಳಿದ ಕಂಪೆನಿಗಳು ಸಾಬ್ ಹಿಡಿದ ದಾರಿಯನ್ನು ತುಳಿಯಲಿಲ್ಲ. ಪೆಟ್ರೋಲು ಮತ್ತೆ ಅಗ್ಗವಾಯಿತು. ದೊಡ್ಡ ಎಂಜಿನ್ನನ್ನು ಚಿಕ್ಕದು ಮಾಡಬೇಕೆಂಬ ಒತ್ತಾಯ ಯಾರಿಗೂ ಇರಲಿಲ್ಲ.

ಒತ್ತಾಯವಿದ್ದ ಕಡೆಗಳಲ್ಲಿ ಮಾತ್ರ ಪರಿಸ್ಥಿತಿ ಬೇರೆಯಾಗಿತ್ತು. ಎಂಜಿನ್ನಿನ ಆಕಾರವನ್ನು ಕರವಸೂಲಿಯ ಕಟ್ಟಳೆ ನಿರ್ಣಯಿಸುವುದು ಹೊಸತೇನಲ್ಲ. ಇಂಗ್ಲೆಂಡಿನಲ್ಲಿ ೧೯೨೧ರಿಂದ ಅಶ್ವಶಕ್ತಿಯೊಂದಕ್ಕೆ ಒಂದು ಪೌಂಡಿನಂತೆ ಕಾರುಗಳಿಗೆ ತೆರಿಗೆ ವಿಧಿಸುತ್ತಿದ್ದರು. ಆದರೆ ಆ ಅಶ್ವಶಕ್ತಿಯನ್ನು ಎಂಜಿನ್ನನ್ನು ಓಡಿಸಿ ಅಳೆಯುತ್ತಿರಲಿಲ್ಲ; ಸಿಲಿಂಡರಿನ ಅಡ್ಡಳತೆಯ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ ಎರಡೂವರೆಯಿಂದ ಭಾಗಿಸುತ್ತಿದ್ದರು. ಸಿಲಿಂಡರಿನ ಉದ್ದಕ್ಕೆ ಈ ಸೂತ್ರದಲ್ಲಿ ಸ್ಥಾನವೇ ಇರಲಿಲ್ಲ. ಫಲವಾಗಿ ಇಂಗ್ಲಿಷ್ ಎಂಜಿನ್ನುಗಳು ಬಿದಿರಿನ ಕೊಳವೆಗಳಂತೆ ಕಿರಿದಾಗಿ ನೀಳವಾಗಿ ಬೆಳೆದವು. ಅಂಥ ಎಂಜಿನ್ನು ವೇಗವಾಗಿ ಸುತ್ತಲಾರದು, ದೂರದ ದೇಶಗಳ ಮುಕ್ತ ರಸ್ತೆಗಳಿಗೆ ಒಗ್ಗಲಾರದು. ಸೂತ್ರವನ್ನು ಕೈಬಿಟ್ಟದ್ದು ಎರಡನೆಯ ಮಹಾಯುದ್ಧವು ಮುಗಿದ ಮೇಲೆಯೇ.

ಇಟಲಿಯಲ್ಲಿ ಎರಡು ಲೀಟರಿಗಿಂತ ದೊಡ್ಡ ಎಂಜಿನ್ನಿನ ಕಾರಿಗೆ ಒಂದು ಕಾಲದಲ್ಲಿ ಶೇಕಡ ೩೮ರ ಮೌಲ್ಯವರ್ಧಿತ ತೆರಿಗೆ ಇತ್ತು. ಐಶ್ವರ್ಯವಂತರ ಕಾರೆಂದು ಹೆಸರಾದ ಫೆರಾರಿ ಕೂಡ ಇದಕ್ಕೆ ತಲೆಬಾಗಿ, ೧೯೮೦ರಲ್ಲಿ ತನ್ನ ಎಂಟು ಸಿಲಿಂಡರಿನ ಎಂಜಿನ್ನನ್ನು ೧,೯೯೧ ಘನ ಸೆಂಟಿಮೀಟರಿಗೆ, ಅಂದರೆ ಎಲ್ಲರೂ 'ಸಿ.ಸಿ.' ಎನ್ನುವ ಅಳತೆಯಲ್ಲಿ ಎರಡು ಸಾವಿರಕ್ಕೆ ತುಸು ಕಡಿಮೆಗೆ, ಕುಗ್ಗಿಸಿ '೨೦೮' ಎಂಬ ಮಾದರಿಯನ್ನು ಹೊರತಂದಿತು. ಅದು ಹೆಸರಿಗೆ ತಕ್ಕಷ್ಟು ಓಡಲಿಲ್ಲ. ೧೯೮೨ರಲ್ಲಿ ಅದಕ್ಕೆ ಟರ್ಬೊ ಜೋಡಿಸಿದೊಡನೆ ೧೫೫ ಅಶ್ವಶಕ್ತಿಯಿದ್ದುದು ೨೨೦ಕ್ಕೆ ಏರಿತು. ಕಿರಿದುಮಾಡಿ ಟರ್ಬೊ ಸೇರಿಸುವ ಉಪಾಯವು ಇಲ್ಲಿ ಪೂರ್ಣರೂಪದಲ್ಲಿದೆ. ಅದರ ಪ್ರೇರಣೆ ಇಂಧನವಲ್ಲ, ತೆರಿಗೆ. ಜಪಾನಿನ 'ಕೆಯ್' ಎಂಬ ಕಿರುಗಾರುಗಳ ವರ್ಗದಲ್ಲಿಯೂ ಹೀಗೆಯೇ. ರಿಯಾಯಿತಿಗೆ ಅರ್ಹವಾದ ಎಂಜಿನ್ನಿನ ಗಾತ್ರವು ೧೯೭೬ರಿಂದ ೫೫೦ ಸಿ.ಸಿ., ೧೯೯೦ರಿಂದ ೬೬೦ ಸಿ.ಸಿ. ೧೯೮೩ರಲ್ಲಿ ಮಿತ್ಸುಬಿಷಿಯವರು ಈ ಪುಟ್ಟ ಎಂಜಿನ್ನಿಗೆ ಟರ್ಬೊ ಹಾಕಿದರು. ೧೯೮೭ರ ಸುಜುಕಿ ಆಲ್ಟೊ ವರ್ಕ್ಸ್ ೬೪ ಅಶ್ವಶಕ್ತಿಗೆ ಮುಟ್ಟಿದಾಗ ಕಂಪೆನಿಗಳೆಲ್ಲ ಇದಕ್ಕೆ ಮೇಲೆ ಹೋಗಬಾರದೆಂದು ತಮ್ಮಲ್ಲೇ ಒಪ್ಪಂದ ಮಾಡಿಕೊಂಡವು. ನಮ್ಮ ದೇಶದ ಮನೆಮಾತಾಗಿದ್ದ ಮಾರುತಿ ೮೦೦ ಈ ಆಲ್ಟೊ ಕುಲದ್ದೇ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.

ಈ ಸ್ಥಳೀಯ ಕಟ್ಟಳೆಗಳೆಲ್ಲ ಸಣ್ಣ ಕೊಳಗಳಿದ್ದಂತೆ. ಇಡೀ ಉದ್ಯಮವನ್ನು ಒಂದೇ ಕಡೆಗೆ ತಿರುಗಿಸಿದ ಪ್ರವಾಹವು ಯೂರೋಪಿನ ಇಂಗಾಲದ ಡೈಆಕ್ಸೈಡ್ ಶಾಸನ. ೧೯೯೭ರ ಕ್ಯೋಟೊ ಒಪ್ಪಂದದ ತರುವಾಯ ೧೯೯೮ರಲ್ಲಿ ಯೂರೋಪಿನ ಕಾರು ತಯಾರಕರ ಸಂಘವು, ಹೊಸ ಕಾರುಗಳ ಸರಾಸರಿ ಅನಿಲವಿಸರ್ಜನೆಯನ್ನು ೨೦೦೮ರ ವೇಳೆಗೆ ಕಿಲೋಮೀಟರಿಗೆ ೧೪೦ ಗ್ರಾಮಿಗೆ ಇಳಿಸುವುದಾಗಿ ಸ್ವಯಂಪ್ರೇರಿತವಾಗಿ ಮಾತುಕೊಟ್ಟಿತು. ೨೦೦೮ ಬಂದಾಗ ಸರಾಸರಿಯು ೧೫೦ಕ್ಕೂ ಮೇಲೆಯೇ ಇತ್ತು. ಮಾತು ಉಳಿಯದಿದ್ದಾಗ ಕಾನೂನು ಬಂದಿತು. ೨೦೦೯ರ ೪೪೩ನೆಯ ನಿಯಮಾವಳಿಯ ಪ್ರಕಾರ, ೨೦೧೨ರಿಂದ ಹಂತಹಂತವಾಗಿ ಜಾರಿಗೆ ಬಂದು ೨೦೧೫ರಲ್ಲಿ ಎಲ್ಲ ಹೊಸ ಕಾರುಗಳ ಸರಾಸರಿಯು ೧೩೦ ಗ್ರಾಮಿಗೆ ಇಳಿಯತಕ್ಕದ್ದು. ಇಳಿಯದಿದ್ದಲ್ಲಿ ಮೀರಿದ ಗ್ರಾಮೊಂದಕ್ಕೆ, ಮಾರಿದ ಕಾರೊಂದಕ್ಕೆ, ೯೫ ಯೂರೋವರೆಗೆ ದಂಡ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ೨.೩ ಕಿಲೋಗ್ರಾಂ ಈ ಅನಿಲ ಉಂಟಾಗುವುದರಿಂದ, ೧೩೦ ಗ್ರಾಮೆಂದರೆ ಲೀಟರಿಗೆ ಹದಿನೇಳೂಮುಕ್ಕಾಲು ಕಿಲೋಮೀಟರೆಂದು ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬಹುದು. ದೊಡ್ಡ ಕಾರುಗಳನ್ನು ಮಾರಿ ಬದುಕುವ ಕಂಪೆನಿಗೆ ಇದು ಸುಲಭದ ಗಡಿಯಲ್ಲ.

ಇಲ್ಲಿ ಚಿಕ್ಕ ಎಂಜಿನ್ನು ಉಪಯೋಗಕ್ಕೆ ಬಂದ ಬಗೆಯನ್ನು ತಿಳಿಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯಲ್ಲಿ ಥ್ರಾಟಲ್ ಎಂಬ ತಡೆ ಇದೆ. ನಿಧಾನವಾಗಿ ಹೋಗುವಾಗ ಅದು ಬಹುಮಟ್ಟಿಗೆ ಮುಚ್ಚಿರುತ್ತದೆ; ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿಯನ್ನು ಹೀರುವುದಕ್ಕೇ ಎಂಜಿನ್ನು ಒಂದಷ್ಟು ಶಕ್ತಿಯನ್ನು ಕಳೆಯುತ್ತದೆ. ಎರಡು ಲೀಟರಿನ ಎಂಜಿನ್ನು ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ತೆವಳುವಾಗ ಈ ನಷ್ಟ ಬಹಳ. ಒಂದು ಲೀಟರಿನದು ಅದೇ ಕೆಲಸವನ್ನು ಬಾಗಿಲನ್ನು ಹೆಚ್ಚು ತೆರೆದುಕೊಂಡು, ಕಡಮೆ ನಷ್ಟದಲ್ಲಿ ಮಾಡುತ್ತದೆ. ಉಜ್ಜಾಡುವ ಭಾಗಗಳು ಕಡಮೆಯಾದ್ದರಿಂದ ಘರ್ಷಣೆಯೂ ಕಡಮೆ. ಏರು ಬಂದಾಗ, ಲಾರಿಯನ್ನು ದಾಟುವಾಗ, ಸಾಲದ ಬಲವನ್ನು ಟರ್ಬೊ ತುಂಬಿಕೊಡುತ್ತದೆ. ಹಳೆಯ ನಾಕಿಂಗ್ ತೊಡಕಿಗೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಅಧಿಕ ಒತ್ತಡದಲ್ಲಿ ಚಿಮ್ಮಿಸುವ ಪದ್ಧತಿ ಉತ್ತರವಾಯಿತು. ಒಳಗೆ ಆವಿಯಾಗುವ ಪೆಟ್ರೋಲೇ ಗಾಳಿಯನ್ನು ತಂಪುಮಾಡುವುದರಿಂದ ಸಂಪೀಡನವನ್ನು ಹೆಚ್ಚು ತಗ್ಗಿಸಬೇಕಾಗಲಿಲ್ಲ. ಈ ಚಿಮ್ಮುಗೊಳವೆಗಳ ವಿದ್ಯೆ ಬಹುಪಾಲು ಡೀಸೆಲ್ಲಿನಿಂದ ಬಂದುದು. ಅದರಲ್ಲಿ ಅಗ್ರಗಣ್ಯವಾದ ಬಾಷ್ ಸಂಸ್ಥೆಯ ಭಾರತೀಯ ಶಾಖೆಯು ಬೆಂಗಳೂರಿನಲ್ಲಿ ೧೯೫೧ರಲ್ಲಿ 'ಮೈಕೋ' ಎಂಬ ಹೆಸರಿನಿಂದ ಸ್ಥಾಪಿತವಾದುದೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದಿರುತ್ತದೆ.

೨೦೦೫ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯವರು ಗಾಲ್ಫ್ ಕಾರಿನಲ್ಲಿ ೧,೩೯೦ ಸಿ.ಸಿ.ಯ ಎಂಜಿನ್ನಿನಿಂದ ೧೭೦ ಅಶ್ವಶಕ್ತಿಯನ್ನು ತೆಗೆದರು. ವಿಳಂಬವನ್ನು ನೀಗಲು ಅದರಲ್ಲಿ ಟರ್ಬೊ ಅಲ್ಲದೆ ಎಂಜಿನ್ನಿನ ಪಟ್ಟಿಯಿಂದ ತಿರುಗುವ ಇನ್ನೊಂದು ಊದುಯಂತ್ರವೂ ಇತ್ತು. ೨೦೧೦ರಲ್ಲಿ ಫಿಯೆಟ್ ಎರಡೇ ಸಿಲಿಂಡರಿನ ೮೭೫ ಸಿ.ಸಿ.ಯ 'ಟ್ವಿನ್‌ಏರ್' ಎಂಜಿನ್ನನ್ನು ಹೊರತಂದಿತು. ೨೦೧೨ರಲ್ಲಿ ಫೋರ್ಡ್ ಸಂಸ್ಥೆಯವರು ತಮ್ಮ ಫೋಕಸ್ ಕಾರಿಗೆ ಅಳವಡಿಸಿದ ಮೂರು ಸಿಲಿಂಡರಿನ ೯೯೯ ಸಿ.ಸಿ. 'ಇಕೊಬೂಸ್ಟ್' ಎಂಜಿನ್ನಿನ ಬುಡವು ಒಂದು ಹಾಳೆ ಕಾಗದದ ಮೇಲೆ ಕುಳಿತುಕೊಳ್ಳುವಷ್ಟು ಚಿಕ್ಕದು. ಶಕ್ತಿ ೧೨೫ ಅಶ್ವಶಕ್ತಿ. ಅದರ ಟರ್ಬೊ ಚಕ್ರವು ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಆ ಎಂಜಿನ್ನು ಮೂರು ವರ್ಷ ಸತತವಾಗಿ ಅಂತರರಾಷ್ಟ್ರೀಯ ವರ್ಷದ ಎಂಜಿನ್ ಪ್ರಶಸ್ತಿಯನ್ನು ಪಡೆಯಿತು. ಅಮೆರಿಕದಲ್ಲಿ ೨೦೦೮ರ ಸುಮಾರಿಗೆ ಹೊಸ ವಾಹನಗಳಲ್ಲಿ ನೂರಕ್ಕೆ ಐದಕ್ಕಿಂತ ಕಡಮೆ ಟರ್ಬೊ ಇದ್ದುದು, ಹತ್ತು ವರ್ಷಗಳಲ್ಲಿ ಮೂವತ್ತರ ಆಸುಪಾಸಿಗೆ ಬಂದಿತು. ಅಲ್ಲಿ 'ಚಿಕ್ಕದು' ಎಂಬ ಮಾತಿಗೆ ಅರ್ಥವೇ ಬೇರೆ. ೨೦೧೧ರಲ್ಲಿ ಎಂಟು ಸಿಲಿಂಡರಿನ ಸ್ಥಳದಲ್ಲಿ ಫೋರ್ಡ್ ಪಿಕಪ್ ಗಾಡಿಯೊಳಗೆ ಬಂದ 'ಚಿಕ್ಕ' ಎಂಜಿನ್ನು ಮೂರೂವರೆ ಲೀಟರಿನದು.

ಈಗ ಅಳತೆಗೋಲಿನ ವಿಚಾರಕ್ಕೆ ಬರೋಣ. ೧೩೦ ಗ್ರಾಮೆಂಬುದನ್ನು ಅಳೆದವರು ಯಾರು, ಎಲ್ಲಿ? ರಸ್ತೆಯಲ್ಲಿ ಅಲ್ಲ, ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ. 'ಹೊಸ ಯೂರೋಪಿಯನ್ ಚಾಲನಾಚಕ್ರ' ಎಂಬ ಆ ಪರೀಕ್ಷೆಯ ಅವಧಿ ೧,೧೮೦ ಸೆಕೆಂಡು. ದೂರ ಸುಮಾರು ೧೧ ಕಿಲೋಮೀಟರು. ಸರಾಸರಿ ವೇಗ ಗಂಟೆಗೆ ೩೩.೬ ಕಿಲೋಮೀಟರು. ಕಾಲದ ಸುಮಾರು ನಾಲ್ಕನೆಯ ಒಂದು ಭಾಗದಲ್ಲಿ ಕಾರು ನಿಂತೇ ಇರುತ್ತದೆ. ಹೊರಡುವಾಗ ಅದು ವೇಗ ಪಡೆಯುವ ರೀತಿಯು ತುಂಬಿದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತವಳ ನಡಿಗೆಯಷ್ಟು ಮೆಲ್ಲನೆ. ಇಂಥ ಮೃದುವಾದ ಓಟದಲ್ಲಿ ಚಿಕ್ಕ ಎಂಜಿನ್ನಿನ ಲಾಭವು ಪೂರ್ಣವಾಗಿ ದೊರೆಯುತ್ತದೆ, ಟರ್ಬೊ ಬಹುಮಟ್ಟಿಗೆ ನಿದ್ರಿಸುತ್ತಿರುತ್ತದೆ. ರಸ್ತೆಯ ಮೇಲೆ ಮನುಷ್ಯನು ಹಾಗೆ ಓಡಿಸುವುದಿಲ್ಲ. ಅವನು ಕಾಲು ಒತ್ತಿದಾಗ ಟರ್ಬೊ ಎಚ್ಚರಗೊಳ್ಳುತ್ತದೆ. ಒತ್ತಡವೂ ಶಾಖವೂ ಏರುತ್ತವೆ. ಟರ್ಬೈನನ್ನು ಸುಡದಂತೆ ಕಾಪಾಡಲು ಎಂಜಿನ್ನು ಉರಿಯುವುದಕ್ಕಿಂತ ಹೆಚ್ಚು ಪೆಟ್ರೋಲನ್ನು ಒಳಗೆ ಸುರಿದು ಅದರಿಂದ ತನ್ನನ್ನು ತಂಪುಮಾಡಿಕೊಳ್ಳುತ್ತದೆ. ಉಳಿತಾಯಕ್ಕೆಂದು ಕೊಂಡ ಎಂಜಿನ್ನು ಆ ಹೊತ್ತಿನಲ್ಲಿ ಪೆಟ್ರೋಲನ್ನು ನೀರಿನಂತೆ ಬಳಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಕಾಗದದ ಮೇಲಿನ ಅಂಕಿಗೂ ರಸ್ತೆಯ ಅಂಕಿಗೂ ನಡುವಣ ಅಂತರವನ್ನು ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಲಿಯು ವರ್ಷವರ್ಷವೂ ಅಳೆಯುತ್ತ ಬಂದಿದೆ. ಯೂರೋಪಿನ ಹೊಸ ಕಾರುಗಳಲ್ಲಿ ೨೦೦೧ರಲ್ಲಿ ಅದು ನೂರಕ್ಕೆ ಸುಮಾರು ೯. ೨೦೧೫ರ ವೇಳೆಗೆ ಸುಮಾರು ೪೨. ಈ ಅಂಕಿ ಡೀಸೆಲ್ಲನ್ನೂ ಒಳಗೊಂಡುದು, ಟರ್ಬೊ ಪೆಟ್ರೋಲಿಗೆ ಮಾತ್ರ ಸಂಬಂಧಿಸಿದುದಲ್ಲ. ಟೈರು, ತೂಕ, ಪರೀಕ್ಷಾಲಯದ ಉಷ್ಣತೆ ಮೊದಲಾದುವುಗಳಲ್ಲಿ ಮಾಡಿದ ಜಾಣ್ಮೆಗಳೂ ಇದರಲ್ಲಿ ಅಡಗಿವೆ. ಆದುದರಿಂದ ದೋಷವೆಲ್ಲವನ್ನೂ ಕಿರಿಯ ಎಂಜಿನ್ನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ೨೦೧೫ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ನಡತೆಯನ್ನು ಬದಲಿಸುವ ತಂತ್ರವಿತ್ತು, ಅದು ವಂಚನೆ. ಇಲ್ಲಿ ವಂಚನೆಯಿಲ್ಲ. ವಿದ್ಯಾರ್ಥಿಯು ಪ್ರಶ್ನಪತ್ರಿಕೆಗೆ ಬೇಕಾದಷ್ಟನ್ನೇ ಓದಿಕೊಂಡು ಹೋದಂತೆ, ಎಂಜಿನ್ನು ಪರೀಕ್ಷೆಗೆ ಬೇಕಾದುದನ್ನೇ ಕಲಿತಿತ್ತು. ಬೋಧಕರಾದ ನಾವು ಇದರಿಂದ ಬೆರಗಾಗಬೇಕಾದುದಿಲ್ಲ. ಬಳಸುವವನ ಅಭ್ಯಾಸವನ್ನು ೧೯೬೨ರಲ್ಲಿ ತಯಾರಕನು ಮರೆತಿದ್ದನು. ಈ ಸಲ ಮರೆತದ್ದು ಕಾನೂನು.

ಬೇರೆ ಬೆಲೆಗಳನ್ನೂ ತೆರಬೇಕಾಯಿತು. ನೇರವಾಗಿ ಚಿಮ್ಮಿದ ಪೆಟ್ರೋಲು ಪೂರ್ತಿ ಬೆರೆಯುವಷ್ಟು ಅವಕಾಶವಿಲ್ಲದೆ ಸೂಕ್ಷ್ಮವಾದ ಮಸಿಯ ಕಣಗಳನ್ನು ಉಂಟುಮಾಡಿತು. ಡೀಸೆಲ್ಲಿಗಿದ್ದಂತೆ ಪೆಟ್ರೋಲ್ ಕಾರಿಗೂ ಕಣಶೋಧಕವನ್ನು ೨೦೧೮ರ ಸುಮಾರಿನಿಂದ ಯೂರೋಪಿನಲ್ಲಿ ಅಳವಡಿಸಬೇಕಾಯಿತು. ಕಡಮೆ ವೇಗದಲ್ಲಿ ಅಧಿಕ ಒತ್ತಡ ಬಿದ್ದಾಗ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುವ ಹೊಸ ಬಗೆಯ ರೋಗವು ಕಾಣಿಸಿಕೊಂಡು, ಅದಕ್ಕಾಗಿಯೇ ಎಂಜಿನ್ ಆಯಿಲ್ಲಿನ ಮಿಶ್ರಣವನ್ನು ಬದಲಿಸಿದರು. ಘರ್ಷಣೆಯನ್ನು ಉಳಿಸಲೆಂದು ಎಣ್ಣೆಯಲ್ಲಿ ಮುಳುಗಿ ಓಡುವ ರಬ್ಬರ್ ಪಟ್ಟಿಗಳನ್ನು ಕೆಲವರು ಬಳಸಿದರು. ಒಂದು ಲೀಟರ್ ಇಕೊಬೂಸ್ಟ್ ಎಂಜಿನ್ನಿನ ಆಯಿಲ್ ಪಂಪಿನ ಪಟ್ಟಿಗೆ ಸಂಬಂಧಿಸಿದ ದೋಷಕ್ಕಾಗಿ ಫೋರ್ಡ್ ಸಂಸ್ಥೆಯವರು ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ೨೦೨೩ರ ಕೊನೆಯಲ್ಲಿ ಹಿಂದಕ್ಕೆ ಕರೆಸಬೇಕಾಯಿತು. ಪ್ರಯೋಗಶಾಲೆಯ ಹನ್ನೊಂದು ಕಿಲೋಮೀಟರಿನಲ್ಲಿ ಇಂಥ ಸವೆತವು ತಿಳಿಯುವಂತಿಲ್ಲ.

ಅಳತೆಗೋಲು ಬದಲಾದಾಗ ಎಂಜಿನ್ನೂ ಬದಲಾಯಿತೆಂಬುದು ನಮ್ಮ ವಾದಕ್ಕೆ ಬಲವಾದ ಸಾಕ್ಷ್ಯ. ೨೦೧೭ರಲ್ಲಿ ಯೂರೋಪು ಹೊಸ ಪರೀಕ್ಷೆಯನ್ನು ತಂದಿತು. ಅದರ ಅವಧಿ ೧,೮೦೦ ಸೆಕೆಂಡು, ದೂರ ೨೩ ಕಿಲೋಮೀಟರಿಗೂ ಮಿಕ್ಕು, ಗರಿಷ್ಠ ವೇಗ ೧೩೧. ಇದರ ಜೊತೆಗೆ ವಿಷಾನಿಲಗಳನ್ನು ರಸ್ತೆಯ ಮೇಲೆಯೇ ಅಳೆಯುವ ಕ್ರಮವೂ ಬಂದಿತು. ಅದೇ ಹೊತ್ತಿಗೆ ಫೋಕ್ಸ್‌ವ್ಯಾಗನ್ ತನ್ನ ೧.೪ ಲೀಟರಿನ ಎಂಜಿನ್ನಿನ ಸ್ಥಳದಲ್ಲಿ ಅದಕ್ಕಿಂತ ದೊಡ್ಡದಾದ ೧.೫ ಲೀಟರಿನದನ್ನು ತಂದಿತು. ಕಿರಿದುಮಾಡುವುದೆಂಬ ಘೋಷಣೆಯ ಸ್ಥಾನದಲ್ಲಿ 'ತಕ್ಕ ಗಾತ್ರ'ವೆಂಬ ಘೋಷಣೆ ಕೇಳತೊಡಗಿತು. ಜಪಾನಿನ ಮಾಜ್ದಾ ಸಂಸ್ಥೆಯು ಮೊದಲಿನಿಂದಲೂ ಇದನ್ನೇ ಹೇಳುತ್ತಿತ್ತು. ೨೦೧೧ರಲ್ಲಿ ಟರ್ಬೊ ಇಲ್ಲದೆ, ಸಂಪೀಡನವನ್ನು ೧೪ಕ್ಕೆ ೧ರಷ್ಟು ಏರಿಸಿ ಅದು ಎಂಜಿನ್ನನ್ನು ಮಾಡಿತು. ಆದರೆ ಅಮೆರಿಕದ ದೊಡ್ಡ ಕಾರಿಗೆ ೨೦೧೬ರಲ್ಲಿ ತಾನೂ ಟರ್ಬೊ ಹಾಕಿದುದನ್ನು ನೋಡಿದರೆ, ಈ ವ್ಯವಹಾರದಲ್ಲಿ ಪೂರ್ಣ ವ್ರತಸ್ಥರು ಯಾರೂ ಇಲ್ಲವೆಂದು ತೋರುತ್ತದೆ.

ನಮ್ಮ ದೇಶದ ಕಡೆಗೆ ತಿರುಗಿದರೆ ಇಂಗ್ಲೆಂಡಿನ ೧೯೨೧ರ ಕಥೆಯೇ ಮತ್ತೆ ಕಾಣಿಸುತ್ತದೆ. ೨೦೦೬ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ ೨೪ರಿಂದ ೧೬ಕ್ಕೆ ಇಳಿಸಿದರು. ಸಣ್ಣ ಕಾರೆಂದರೆ ಉದ್ದ ನಾಲ್ಕು ಮೀಟರು ಮೀರದ, ಪೆಟ್ರೋಲಾದರೆ ೧,೨೦೦ ಸಿ.ಸಿ., ಡೀಸೆಲಾದರೆ ೧,೫೦೦ ಸಿ.ಸಿ. ಮೀರದ ಕಾರು. ಮಿತಿಯು ಗಾತ್ರಕ್ಕೆ, ಶಕ್ತಿಗಾಗಲಿ ಇಂಧನಕ್ಕಾಗಲಿ ಅಲ್ಲ. ಕಾರುಗಳ ಹಿಂಭಾಗವನ್ನು ಕೊಡಲಿಯಿಂದ ಕಡಿದಂತೆ ಮೊಟಕುಮಾಡಿದ ಹೊಸ ಮಾದರಿಗಳು ಇದರಿಂದ ಹುಟ್ಟಿದವು. ೨೦೧೩ರಲ್ಲಿ ಫೋರ್ಡ್ ಇಕೊಸ್ಪೋರ್ಟ್ ಒಂದು ಲೀಟರಿನ ಟರ್ಬೊದೊಡನೆ ಬಂದಿತು. ೨೦೧೭ರಲ್ಲಿ ಟಾಟಾ ನೆಕ್ಸಾನ್, ೨೦೧೯ರಲ್ಲಿ ಹ್ಯುಂಡೈ ವೆನ್ಯೂ ಅದೇ ದಾರಿ ಹಿಡಿದವು. ೨೦೨೦ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ೬ ನಿಯಮಗಳು ಜಾರಿಯಾಗಿ ಸಣ್ಣ ಡೀಸೆಲ್ಲು ದುಬಾರಿಯಾದಾಗ, ಅದು ತೆರವುಮಾಡಿದ ಸ್ಥಾನವನ್ನೂ ಟರ್ಬೊ ಪೆಟ್ರೋಲು ಬಹುಪಾಲು ತುಂಬಿತು.

೨೦೨೦ರ ಎರಡು ಕಾರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಾರುತಿಯ ಪೆಟ್ರೋಲ್ ಬ್ರೆಝಾ, ಟಾಟಾದ ನೆಕ್ಸಾನ್. ಎರಡೂ ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಮೆ. ಮೊದಲನೆಯದರಲ್ಲಿ ಟರ್ಬೊ ಇಲ್ಲದ ೧,೪೬೨ ಸಿ.ಸಿ.ಯ, ೧೦೫ ಅಶ್ವಶಕ್ತಿಯ ಎಂಜಿನ್ನು. ಎರಡನೆಯದರಲ್ಲಿ ಟರ್ಬೊ ಸಹಿತವಾದ ೧,೧೯೯ ಸಿ.ಸಿ.ಯ, ೧೨೦ ಅಶ್ವಶಕ್ತಿಯ ಎಂಜಿನ್ನು. ಸರಕು ಸೇವಾ ತೆರಿಗೆಯು ಮೇಲ್ತೆರಿಗೆಯೂ ಸೇರಿ ಮೊದಲನೆಯದಕ್ಕೆ ಶೇಕಡ ೪೫, ಎರಡನೆಯದಕ್ಕೆ ೨೯. ಹೆಚ್ಚು ಶಕ್ತಿಯ ಕಾರು ಕಡಮೆ ತೆರಿಗೆಯನ್ನು ತೆತ್ತಿತು.

ನಮ್ಮ ವಾದಕ್ಕೆ ಎದುರು ನಿಲ್ಲುವ ಸಂಗತಿಯನ್ನೂ ಹೇಳಬೇಕು. ೨೦೨೧ರ ಸ್ಕೋಡಾ ಕುಶಾಕ್ ನಾಲ್ಕು ಮೀಟರಿಗಿಂತ ಉದ್ದದ ಕಾರು. ಅದರಲ್ಲಿ ಒಂದು ಲೀಟರಿನ ಟರ್ಬೊ ಇದ್ದರೂ ತೆರಿಗೆಯ ರಿಯಾಯಿತಿ ಇಲ್ಲ. ಅಲ್ಲಿ ಬೇರೆ ಕಾರಣಗಳನ್ನು ಹುಡುಕಬೇಕು: ಯೂರೋಪಿಗಾಗಿ ಸಿದ್ಧವಾದ ಎಂಜಿನ್ನು ಕೈಯಲ್ಲಿದ್ದುದು ಒಂದು, ೨೦೧೭ರಿಂದ ಭಾರತದಲ್ಲಿಯೂ ೧೩೦ ಗ್ರಾಮಿನ, ೨೦೨೨ರಿಂದ ೧೧೩ ಗ್ರಾಮಿನ ಸರಾಸರಿ ಮಿತಿ ಜಾರಿಗೆ ಬಂದುದು ಇನ್ನೊಂದು. ಆ ಗ್ರಾಮುಗಳನ್ನು ಅಳೆಯುವ ಭಾರತೀಯ ಚಾಲನಾಚಕ್ರವು ಯೂರೋಪಿನ ಹಳೆಯ ಪರೀಕ್ಷೆಯನ್ನೇ ತಿದ್ದಿ ಮಾಡಿದುದು. ಅದರಲ್ಲಿ ಗರಿಷ್ಠ ವೇಗ ಗಂಟೆಗೆ ೯೦ ಕಿಲೋಮೀಟರು. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಓಡಿಸುವವರಿಗೆ ಈ ಅಂಕಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಅದೇ ಹೆದ್ದಾರಿಯ ಪಕ್ಕದಲ್ಲಿರುವ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ೨೦೨೨ರಿಂದ ಇನ್ನೊಂದು ದಾರಿಯ ಎಂಜಿನ್ನಿನ ಕಾರುಗಳು ತಯಾರಾಗತೊಡಗಿದವು. ಟೊಯೋಟಾ ಹೈರೈಡರ್, ಅದರ ಜೋಡಿಯಾದ ಮಾರುತಿ ಗ್ರ್ಯಾಂಡ್ ವಿಟಾರಾ ಇವುಗಳ ಹೈಬ್ರಿಡ್ ಮಾದರಿಯಲ್ಲಿ ಮೂರು ಸಿಲಿಂಡರಿನ ೧,೪೯೦ ಸಿ.ಸಿ. ಎಂಜಿನ್ನಿದೆ, ಟರ್ಬೊ ಇಲ್ಲ. ಎಂಜಿನ್ನಿನ ಶಕ್ತಿ ೯೨ ಅಶ್ವಶಕ್ತಿ ಮಾತ್ರ. ಸಾಲದ ಬಲವನ್ನು ತುಂಬುವುದು ವಿದ್ಯುತ್ ಮೋಟಾರು. ನಿಂತು ನಿಂತು ಸಾಗುವ ನಗರದ ಸಂಚಾರದಲ್ಲಿ, ಅಂದರೆ ಟರ್ಬೊ ಹೆಚ್ಚು ಎಡವುವ ಸ್ಥಳದಲ್ಲಿಯೇ, ಅದು ಹೆಚ್ಚು ಉಳಿತಾಯಮಾಡುತ್ತದೆ. ತಯಾರಕರು ಲೀಟರಿಗೆ ಸುಮಾರು ೨೮ ಕಿಲೋಮೀಟರೆಂದು ಘೋಷಿಸಿದರು. ಇದೂ ಪರೀಕ್ಷಾಲಯದ ಅಂಕಿಯೇ ಎಂಬುದನ್ನು ಮರೆಯಬಾರದು.

೨೦೨೫ರ ಸೆಪ್ಟೆಂಬರ್ ೨೨ರಿಂದ ಸರಕು ಸೇವಾ ತೆರಿಗೆಯ ದರಗಳನ್ನು ಪರಿಷ್ಕರಿಸಿ ಸಣ್ಣ ಕಾರುಗಳಿಗೆ ಶೇಕಡ ೧೮, ದೊಡ್ಡವುಗಳಿಗೆ ಶೇಕಡ ೪೦ ಎಂದು ಗೊತ್ತುಮಾಡಿದರು. ದರಗಳು ಬದಲಾದವು, ಸಣ್ಣದು ಯಾವುದು, ದೊಡ್ಡದು ಯಾವುದು ಎಂಬುದನ್ನು ನಿರ್ಣಯಿಸುವ ನಾಲ್ಕು ಮೀಟರಿನ, ೧,೨೦೦ ಮತ್ತು ೧,೫೦೦ ಸಿ.ಸಿ.ಗಳ ಗೆರೆಗಳನ್ನು ೨೦೦೬ರಲ್ಲಿ ಎಳೆದ ಸ್ಥಳದಲ್ಲಿಯೇ ಬಿಟ್ಟರು.